ಚೆಲುವಮ್ಮನ ಹಸು ತಿಂದದ್ದು ಪ್ಲಾಸ್ಟಿಕ್ ಅಲ್ಲ, ನಮ್ಮ ಬಾರ್ಲಿ

ಬೋಗಾದಿ ಭಾಗದ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ಚೆಲುವಮ್ಮನ ಕೆಂದಿ ಹಸು ಪ್ಲಾಸ್ಟಿಕ್ ತಿಂದು ಸತ್ತಿತೆಂದು ತಮ್ಮ ಕಚೇರಿ ಮಹಜರು ಬರೆದಿದೆ. ಅದು ಶುದ್ಧ ಸುಳ್ಳು. ಕೆಂದಿ ಸತ್ತದ್ದು ನಾವು ಮನೆಮಂದಿ ಸೇರಿ ನಡೆಸುವ ಬಿಯರ್ ಘಟಕದ ಹಳಸಿದ ಬಾರ್ಲಿ ತಿಂದು. ಆ ಸುಳ್ಳಿನ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದವಳು ನಾನು. ಅದೇ ಮಹಜರು ಹಿಡಿದುಕೊಂಡು, ದನಗಳನ್ನು ಬೀದಿಗೆ ಬಿಡುವ ಹೆಂಗಸೆಂದು ತಾವು ಚೆಲುವಮ್ಮನಿಗೆ ನೋಟಿಸು ಕೊಟ್ಟಿದ್ದೀರಿ. ಬರುವ ಸೋಮವಾರದೊಳಗೆ ಆಕೆ ಕೊಟ್ಟಿಗೆ ಕೆಡವಿ, ಉಳಿದೆರಡು ಹಸುಗಳನ್ನು ಊರಾಚೆ ಸಾಗಿಸಬೇಕಂತೆ. ಯಾವ ಊರಿನ ಆಚೆ ಸ್ವಾಮಿ? ಬೋಗಾದಿ ಹಳ್ಳಿಯಾಗಿದ್ದಾಗಿನಿಂದ ಆ ಕೊಟ್ಟಿಗೆ ಅಲ್ಲೇ ಇದೆ. ಬಡಾವಣೆ ಬಂದದ್ದು ಆಮೇಲೆ, ನಾವು ಬಂದದ್ದು ಅದಕ್ಕೂ ಆಮೇಲೆ.

ನಾನು ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವಳು. ಪ್ರಯೋಗ ಮಾಡದೆ ಉತ್ತರ ಬರೆದುಕೊಂಡು ಬಂದವರ ರೆಕಾರ್ಡ್ ಪುಸ್ತಕವನ್ನು ಮುಖಕ್ಕೇ ಎಸೆದವಳು. ನಮ್ಮ ಮಾವನವರು ಪಾಠಶಾಲೆಯಲ್ಲಿ ತರ್ಕ ಹೇಳುತ್ತಿದ್ದ ಸಂಸ್ಕೃತ ಪಂಡಿತರು. ಅವರ ಮಗನೂ ನನ್ನ ಗಂಡನೂ ಆದ ಅಶ್ವತ್ಥ, ನಾನು, ಮಗಳು ಅನನ್ಯ ಸೇರಿ ಬಿಯರ್ ಕುದಿಸಲು ನಿಂತಾಗ ನೆಂಟರೆಲ್ಲ ‘ರಾಮ ರಾಮಾ’ ಎಂದು ಕಿವಿ ಮುಚ್ಚಿಕೊಂಡರು. ಆರು ತಿಂಗಳಲ್ಲಿ ಅದೇ ನೆಂಟರು ಘಟಕದ ಮುಂದಿನ ನಮ್ಮ ಪಬ್ಬಿನಲ್ಲಿ ಟೇಬಲ್ ಕಾದಿರಿಸಲು ಫೋನು ಮಾಡತೊಡಗಿದರು, ಆ ಮಾತು ಬಿಡಿ.

ಬಿಯರಿಗೆ ರಸ ಬಸಿದುಕೊಂಡ ಮೇಲೆ ಬೆಂದ ಬಾರ್ಲಿ ರಾಶಿ ಉಳಿಯುತ್ತದೆ. ಹಸುಗಳಿಗೆ ಒಳ್ಳೆಯ ಮೇವು. ವಾರಕ್ಕೊಮ್ಮೆ ಕುದಿಸುತ್ತಿದ್ದ ದಿನಗಳಲ್ಲಿ ನಾನೇ ಎದುರು ಬೀದಿಯ ಚೆಲುವಮ್ಮನಿಗೆ ಫೋನು ಮಾಡುತ್ತಿದ್ದೆ. ಬಿಸಿ ಆರುವ ಮೊದಲೇ ಆಕೆ ಬಂದು ಬಕೆಟ್ಟಿನಲ್ಲಿ ಒಯ್ಯುತ್ತಿದ್ದಳು. ಆಮೇಲೆ ನಾವು ಬೆಳೆದೆವು. ಎರಡನೇ ಟ್ಯಾಂಕು ಬಂತು, ವಾರಕ್ಕೆ ನಾಲ್ಕು ಸಲ ಕುದಿಸತೊಡಗಿದೆವು, ಪತ್ರಿಕೆಯಲ್ಲಿ ನಮ್ಮ ಫೋಟೋ ಬಂತು. ಫೋನು ಮಾಡಲು ಪುರುಸೊತ್ತು ಯಾರಿಗಿದೆ? ಬಾರ್ಲಿಯನ್ನು ಮುಚ್ಚಳದ ಡ್ರಮ್ಮಿಗೆ ತುಂಬಿ ಹಿಂದಿನ ಗೇಟಿನಲ್ಲಿಟ್ಟೆವು. ಏಪ್ರಿಲ್ ಬಿಸಿಲಿನಲ್ಲಿ ಅದು ಎರಡೆರಡು ದಿನ ಅಲ್ಲೇ ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ಚೆಲುವಮ್ಮ ಮುಚ್ಚಳ ತೆಗೆದು ಮೂಗು ಮುರಿದಳು. ‘ಯಾಕೋ ಉಳಿ ವಾಸ್ನೆ ಬತ್ತದಲ್ಲಾ ಅಮ್ಮಾವ್ರೇ?’

‘ಬಿಯರ್ ಮಾಡೋ ಜಾಗದಲ್ಲಿ ಮಲ್ಲಿಗೆ ವಾಸನೆ ಬರುತ್ತೇನಮ್ಮ? ತಗೊಂಡ್ಹೋಗು’ ಎಂದು ನಾನು ನಕ್ಕೆ. ಬೆಂದ ಕಾಳು ಸೆಖೆಗೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಕೆಂದಿಯ ಹೊಟ್ಟೆ ಉಬ್ಬರಿಸಿತ್ತು. ಬೆಳಗಾಗುವುದರೊಳಗೆ ಪ್ರಾಣ ಹೋಯಿತು.

ತಮ್ಮ ಇನ್‌ಸ್ಪೆಕ್ಟರು ಬಂದರು. ಹಸುವನ್ನು ಕೊಯ್ದು ನೋಡಲಿಲ್ಲ, ವೈದ್ಯರನ್ನು ಕರೆಸಲಿಲ್ಲ. ರಸ್ತೆ ಬದಿಯಲ್ಲಿ ಬಿದ್ದಿದ್ದ ನಾಲ್ಕು ಪ್ಲಾಸ್ಟಿಕ್ ಕವರು ನೋಡಿ ಕಾರಣ ಕಂಡುಹಿಡಿದರು. ಎಂಥ ವಿಜ್ಞಾನ! ನಮ್ಮ ಅಂಗಳದಲ್ಲೇ ಕೂತು, ನಾನು ಕೊಟ್ಟ ಕಾಫಿ ಕುಡಿದು, ‘ಮೇಡಂ, ಸಾಕ್ಷಿಗೆ ಒಂದು ಸೈನ್ ಹಾಕ್ಬುಡಿ, ಫಾರ್ಮಾಲಿಟಿ ಅಷ್ಟೇ’ ಎಂದರು. ಮೂರನೇ ಟ್ಯಾಂಕಿನ ಅನುಮತಿಗೆ ಅದೇ ವಾರ ಅಬಕಾರಿಯವರು ಬರುವವರಿದ್ದರು. ‘ಅಮ್ಮ, ಈಗ ಬಾಯಿ ಬಿಡಬೇಡ ಕಣಮ್ಮ’ ಎಂದು ಅನನ್ಯ ಪಿಸುಗುಟ್ಟಿದಳು. ತಪ್ಪನ್ನು ಅವಳ ಮೇಲೆ ಹಾಕಲಾರೆ. ಪೆನ್ನು ಹಿಡಿದದ್ದು ನನ್ನ ಕೈ. ಕೊಟ್ಟಿಗೆಯಿಂದ ಚೆಲುವಮ್ಮನ ಅಳು ಕೇಳಿಸುತ್ತಲೇ ಇತ್ತು, ನಾನು ಸಹಿ ಹಾಕಿದೆ. ಥೂ, ನನ್ನ ಜನ್ಮಕ್ಕೆ!

ನೋಟಿಸು ಬಂದ ಮೇಲೆ ತಡೆಯಲಾರದೆ ತಪ್ಪೊಪ್ಪಿಗೆ ಬರೆದುಕೊಂಡು ತಮ್ಮ ಕಚೇರಿಗೆ ಮೂರು ಸಲ ಬಂದೆ. ತಾವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಮಾತ್ರ ಕನಿಕರದಿಂದ, ‘ಸತ್ತ ಹಸೂದು ಫೈಲು ಮೇಡಂ, ಮುಗ್ದೋಯ್ತು. ನಿಮ್ಗೇ ತೊಂದ್ರೆ, ಯಾಕ್ ಎಳೀತೀರಿ?’ ಎಂದು ಕಾಗದ ವಾಪಸು ಕೊಟ್ಟರು. ತಪ್ಪು ಮಾಡುವುದು ಇಷ್ಟು ಸುಲಭವಾಗಿದ್ದು, ಒಪ್ಪಿಕೊಳ್ಳುವುದಕ್ಕೆ ಮಾತ್ರ ಕೌಂಟರೇ ಇಲ್ಲದ ಕಚೇರಿ ಇನ್ನೆಲ್ಲಾದರೂ ಇದೆಯೇ?

ಕೊನೆಗೆ ಮೊನ್ನೆ ಕೊಟ್ಟಿಗೆಗೇ ಹೋಗಿ ಚೆಲುವಮ್ಮನ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋಗಿದ್ದೆ. ಆಕೆ ನನ್ನ ಕಣ್ಣು ಒರೆಸಿದಳು.

‘ಅಯ್ಯೋ ಬುಡಿ ಅಮ್ಮಾವ್ರೇ, ನನ್ನ ಉಳುಸ್ಬೇಕು ಅಂತ ಇಲ್ದಿದ್ನ ನಿಮ್ಮೇಲೆ ಆಕ್ಕೋಬ್ಯಾಡಿ. ಓದ್ದೋರು, ನೀವೇ ಸೈನ್ ಆಕಿದ್ರಿ ಅಂದ್ಮೇಲೆ ಅದು ನಿಜಾನೇ ಇರ್ಬೇಕು. ಕೆಂದಿ ಎಲ್ಲೋ ಅಗ್ಗ ಬಿಚ್ಕೊಂಡು ಓಗಿರ್ತದೆ, ನಾನೇ ನೋಡ್ನಿಲ್ಲ ಕಣ್ರವ್ವ.’

ಮಾನ್ಯರೇ, ಮೂವತ್ತು ವರ್ಷ ಹಸು ಸಾಕಿದ ಹೆಂಗಸು ಈಗ ರಾತ್ರಿ ಎದ್ದೆದ್ದು ಹಗ್ಗದ ಗಂಟು ಮುಟ್ಟಿ ನೋಡುತ್ತಾಳಂತೆ. ಅದಕ್ಕೇ ಈ ಬಹಿರಂಗ ಪತ್ರ. ಟೈಪ್ ಮಾಡಿಕೊಟ್ಟವಳು ಅನನ್ಯಳೇ. ಮೂರನೇ ಟ್ಯಾಂಕಿನ ಅರ್ಜಿಯನ್ನೂ ಹಿಂದಕ್ಕೆ ಪಡೆದಿದ್ದೇವೆ. ಸೋಮವಾರದೊಳಗೆ ಆ ಮಹಜರು ರದ್ದಾಗಬೇಕು. ನೋಟಿಸು ನನ್ನ ಹೆಸರಿಗೆ ಬರಲಿ, ಏನು ಶಿಕ್ಷೆಯಿದೆಯೋ ಕೊಡಿ. ರದ್ದಾದ ಕಾಗದವನ್ನು ಅಂಚೆಯಲ್ಲಿ ಕಳಿಸಬೇಡಿ. ತಾವೇ ಕೊಟ್ಟಿಗೆಗೆ ಬಂದು, ‘ತಪ್ಪು ನಿನ್ನದಲ್ಲ ಚೆಲುವಮ್ಮ’ ಎಂದು ಗಟ್ಟಿಯಾಗಿ ಓದಿ ಹೇಳಿ. ಆಕೆ ನನ್ನ ಬಾಯಿಮಾತು ನಂಬುತ್ತಿಲ್ಲ, ನನ್ನ ಸಹಿಯನ್ನು ನಂಬಿದ್ದಾಳೆ.

ಇಂತಿ,
ಚೆಲುವಮ್ಮನ ಕಣ್ಣಿಗೆ ಇನ್ನೂ ಒಳ್ಳೆಯವಳಾಗಿಯೇ ಕಾಣುತ್ತಿರುವ
ವೇದವತಿ
ಬೋಗಾದಿ, ಮೈಸೂರು