ಬೀಳ್ದೆ, ಬಿದ್ದೆ

ಜೂನ್ 3
ಇವತ್ತೂ ಏಳನೇ ಮಗು. ಎರಡು ವರ್ಷ ಒಂಬತ್ತು ತಿಂಗಳು. ಹೆಸರು ನಮಗೆ ಹೇಳಲ್ಲ, ನಂಬರ್ ಅಷ್ಟೇ. ಫ್ರಾಕಿನ ಜೇಬಲ್ಲಿ ರೆಕಾರ್ಡರ್ ಇಟ್ಕೊಂಡು ಮನೆಯೆಲ್ಲ ಓಡಾಡ್ತಾಳೆ. ಅವಳ ಮಾತು ಕೇಳಿ ಟೈಪ್ ಮಾಡೋದು ನನ್ನ ಕೆಲಸ. ಹೇಳ್ದೆ, ಕೇಳ್ದೆ ಅಂತೀವಲ್ಲ — ಅದೇ ಲೆಕ್ಕದಲ್ಲಿ “ನಾನು ಬೀಳ್ದೆ, ಏಳ್ದೆ” ಅಂದಳು. ಯಾರೂ ಕಲಿಸಿದ್ದಲ್ಲ, ತಾನೇ ಕಟ್ಕೊಂಡ ನಿಯಮ. ಮಕ್ಕಳು ಮಾತು ಹೇಗೆ ಕಲೀತಾರೆ ಅಂತ ಸಂಶೋಧನೆ ಮಾಡೋ ಮೇಡಂಗೆ ಖುಷಿಯೋ ಖುಷಿ. ತಪ್ಪು ಮಾತಾಡಿದ್ರೂ ಶಭಾಷ್‌ಗಿರಿಯಾ ಅಂತ ಮನೇಲಿ ಅಕ್ಕ ನಕ್ಕಳು.

ಜೂನ್ 17
ಮಗುವಿನ ಮಾತು ಕಮ್ಮಿ. ಏನೋ ಒಡೆದ ಸದ್ದು. ಗಂಡಸಿನ ದನಿ. ದೊಡ್ಡವರ ಮಾತು ಟೈಪ್ ಮಾಡೋ ಹಾಗಿಲ್ಲ... ಗೆರೆ ಎಳೆದು ಮುಂದೆ ಹೋದೆ.

ಜುಲೈ 8
ಮೂರು ವಾರ ಆದಮೇಲೆ ಏಳನೇ ಮಗುವಿನ ಫೈಲ್ ಬಂತು.
ಮಗು: “ಅಪ್ಪ ಹೊಡ್ದ.”
ತಾಯಿ, ಮೆಲ್ಲಗೆ: “ಇಲ್ಲ ಪುಟ್ಟಿ. ಬಿದ್ದೆ ಅನ್ನು.”
“ಬೀಳ್ದೆ.”
“ಬಿದ್ದೆ. ಯಾರು ಕೇಳಿದ್ರೂ, ಬಿದ್ದೆ.”
“ಬಿದ್ದೆ.”
ಹನ್ನೊಂದು ಸಲ ಹೇಳಿಸಿದಳು. ಎಲ್ಲ ಟೈಪ್ ಮಾಡಿದೆ. ತಾಯಿ ಮಾತೂ.

ಜುಲೈ 9, ಸಂಜೆ
ಮೇಡಂಗೆ ಕೇಳಿಸಿದೆ. ಹೆಡ್‌ಫೋನ್ ತೆಗೆದಿಟ್ಟರು. ಕೇಳಿದ್ದು ಹೊರಗೆ ಹೋಗಲ್ಲ ಅಂತ ಮನೆಯವರಿಗೆ ಬರೆದುಕೊಟ್ಟಿದೀವಿ, ಬಾಯಿಬಿಟ್ಟರೆ ಉಳಿದ ಮನೆಗಳೂ ಕೈತಪ್ತವೆ ಅಂದರು. ಆಮೇಲೆ ಮಗು ಕಲಿತ ಮಾತುಗಳ ಪಟ್ಟಿಯಲ್ಲಿ ತಾವೇ ತುಂಬಿದರು — ‘ಬಿದ್ದೆ: ಸರಿಯಾದ ರೂಪ ಬಂದಿದೆ.’
ಊರ ಉಸಾಬರಿ ನಿನಗ್ಯಾಕೆ, ಇರೋ ಕೆಲಸ ಕಳ್ಕೋಬೇಡ ಅಂದಳು ಅಕ್ಕ.

ಜುಲೈ 12
ವಿಳಾಸ ಮೇಡಂ ಕಪಾಟಿನ ರಿಜಿಸ್ಟರಲ್ಲಿತ್ತು. ಕದ್ದು ನೋಡಿದೆ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಜುಲೈ 20
ಸಹಾಯವಾಣಿಯವಳು ಫೋನ್ ಮಾಡಿದ್ದಳು. ಆ ಮನೆಗೆ ಹೋಗಿದ್ದರಂತೆ. ಅಪ್ಪನೇ ಕರೆದು ಕೂರಿಸಿದನಂತೆ. ಮಗುವಿನ ಹಣೇಲಿ ಗಾಯ. ಏನಾಯ್ತಮ್ಮ ಅಂತ ಕೇಳಿದ್ದಕ್ಕೆ ‘ಬಿದ್ದೆ’ ಅಂದಳಂತೆ.
“ಎಷ್ಟು ಸ್ಪಷ್ಟವಾಗಿ ಮಾತಾಡುತ್ತೆ ರೀ ಮಗು” ಅಂದಳು.
ಕೇಸ್ ಮುಚ್ಚಿದಾರೆ.

ಆಗಸ್ಟ್ 2, ಮಧ್ಯಾಹ್ನ 3
ಆ ಮನೆಯವರು ರೆಕಾರ್ಡರ್ ವಾಪಸ್ ಕಳಿಸಿದಾರೆ. ದೂರು ಕೊಟ್ಟಿದ್ದು ನಾನೇ ಅಂತ ಮೇಡಂಗೆ ಗೊತ್ತಾಗಿದೆ. ಬೈಯಲಿಲ್ಲ. ನಾಳೆಯಿಂದ ಬರಬೇಡಿ ಅಂದರು, ಅಷ್ಟೇ.
ರೆಕಾರ್ಡರಲ್ಲಿ ಕೊನೇ ಫೈಲ್ ಒಂದಿತ್ತು. ನಾಲ್ಕು ಗಂಟೆ ಉದ್ದದ್ದು. ಕೇಳ್ತಾ ಕೂತಿದೀನಿ. ಪಾತ್ರೆ. ನಲ್ಲಿ. ಬಾಗಿಲು. ಪುಟ್ಟ ಹೆಜ್ಜೆ — ಓಡಿ, ನಿಂತಿದ್ದು. ಮೂರನೇ ಗಂಟೆ ನಡೀತಿದೆ. ಮಗು ಇನ್ನೂ ಒಂದು ಮಾತೂ ಆಡಿಲ್ಲ.