ಹೆಸರು ಹೇಳಬಾರದ ಕರೆಂಟು

ಜನವರಿ 9, ಸಂಜೆ

ಇವತ್ತೂ ನೂರ ಅರವತ್ತು ವೋಲ್ಟ್. ಬರಬೇಕಾದ್ದು ಇನ್ನೂರ ಇಪ್ಪತ್ತು. ಊರಿಗೆ ಊರೇ ಹೀಟರ್ ಹಚ್ಚಿ ಕೂತರೆ ಪಾಪ, ಆ ಹಳೇ ಟ್ರಾನ್ಸ್‌ಫಾರ್ಮರ್ ತಾನೇ ಏನು ಮಾಡೀತು. ಮಂಕು ಬಲ್ಬಿನ ಕೆಳಗೆ ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದಿದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ಪವರ್ — ಇಷ್ಟೇ. ಅರ್ಧ ಕ್ಲಾಸು ಉಲ್ಟಾ ಮಾಡಿದೆ. ಸಾಕಾಗಿಹೋಗಿದೆ.

ಚಹಾ ಕೊಡಲು ಹೋದರೆ ಮಾವನ ಕೋಣೆ ಧಗಧಗ. 'ಆಡು' ಕೆಂಪಗೆ ಕಾದಿದೆ. ಮನೆಯಲ್ಲೇ ಕಟ್ಟಿಕೊಂಡ ಹೀಟರಿಗೆ ಈ ಕಡೆ ಅದೇ ಹೆಸರು: ನಾಲ್ಕು ಕಾಲು, ಮೇಲೊಂದು ಕೊಳವೆ, ಅದರ ಸುತ್ತ ಸುರುಳಿ ತಂತಿ.

"ಏನ್ ಮಾಡಿದ್ರಿ ಮಾವ?"

"ಬಾಲ ಕತ್ತರಿಸ್ದೆ. ಈಗ ನೋಡು, ಹೆಂಗೆ ಕುಣೀತಿದೆ!"

ಸುರುಳಿಯಲ್ಲಿ ಹತ್ತಿರ ಹತ್ತಿರ ಅರ್ಧ ತೆಗೆದುಹಾಕಿದ್ದಾರೆ.

ಜನವರಿ 10

ಶಾಲೆಯ ಮೀಟರ್ ತಂದು ನೋಡಿದೆ. 160 ವೋಲ್ಟ್, ಹನ್ನೆರಡೂವರೆ ಆಂಪಿಯರ್. ಭಾಗಿಸಿದೆ — 12.8 ಓಮ್. ಗುಣಿಸಿದೆ — ಎರಡು ಸಾವಿರ ವ್ಯಾಟ್. ಇವತ್ತಿಗೆ ಪರವಾಗಿಲ್ಲ. ಆದರೆ ಹೊಸ ಟ್ರಾನ್ಸ್‌ಫಾರ್ಮರ್ ಬಂದು 220 ಆಯಿತೆಂದರೆ? ಹದಿನೇಳು ಆಂಪಿಯರ್ ದಾಟುತ್ತದೆ. ಹತ್ತಿರ ಹತ್ತಿರ ಮೂರು ಸಾವಿರದ ಎಂಟುನೂರು ವ್ಯಾಟ್. ಗೋಡೆಯೊಳಗಿರುವುದು ಸಣ್ಣ ಅಲ್ಯೂಮಿನಿಯಂ ತಂತಿ. ಮಾವ ಮಲಗುವುದು ಪ್ಲಗ್ಗಿನ ಪಕ್ಕದಲ್ಲೇ. ಮೊಣಕಾಲು ಹಿಡಿದುಕೊಂಡರೆ ಕೋಲಿಲ್ಲದೆ ಏಳಲಾರರು. ಬೆಂಕಿ ಹತ್ತಿದರೆ ಗತಿ?

ಸರಿಯಾದ ಫ್ಯೂಸ್ ಹಾಕಿದೆ. ಕೆಟಲ್ ಹಚ್ಚಿದ್ದೇ ಹಾರಿತು. ಮಾವ ಅದನ್ನು ಕಿತ್ತು ದಪ್ಪ ತಂತಿ ಸುತ್ತಿದರು.

ಹೇಳೋಣವೆಂದರೆ ನಾಲಿಗೆಗೇ ಗಂಟು. ನಮ್ಮ ಭಾಷೆಯಲ್ಲಿ ಕರೆಂಟಿಗೆ 'ತೋಕ್' ಅನ್ನುತ್ತಾರೆ. ಮಾವನ ಹೆಸರು ತೋಕ್ತೊಸುನ್. ಸೊಸೆಯಾದವಳು ಮಾವನ ಹೆಸರು ಎತ್ತಬಾರದು, ಹೆಸರಿನೊಳಗಿನ ಮಾತನ್ನೂ ಎತ್ತಬಾರದು. ದಿನವಿಡೀ ಶಾಲೆಯಲ್ಲಿ ತೋಕ್ ತೋಕ್ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಹೊಸ್ತಿಲು ದಾಟಿದರೆ ಅದು 'ಹರಿಯೋದು'.

"ಮಾವ, ವೋಲ್ಟೇಜ್ ಬಂದ್ರೆ... ಆ ಹರಿಯೋದು ಜಾಸ್ತಿ ಆಗತ್ತೆ."

"ಯಾವ್ದಮ್ಮಾ ಹರಿಯೋದು? ಮೂಗಾ?" ಎಂದು ನಕ್ಕರು. "ನೋಡು ಮೇಷ್ಟ್ರಮ್ಮ, ಟ್ರಾನ್ಸ್‌ಫಾರ್ಮರ್ ಬರೋಷ್ಟ್ರಲ್ಲಿ ನನ್ನ ಮುಂದಿನ ಜನ್ಮವೂ ಮುಗ್ದಿರತ್ತೆ."

ಬಂಡೆಯ ಮೇಲೆ ಮಳೆ ಸುರಿದ ಹಾಗೆ.

ಜನವರಿ 16

ಬಂತು. ಲಾರಿಯಲ್ಲಿ ತಂದು ಗಿರಣಿಯ ಹತ್ತಿರ ಹಿಮದಲ್ಲಿ ಇಳಿಸಿ ಹೋಗಿದ್ದಾರೆ. ಜೋಡಿಸುವುದು ಯಾವಾಗ? ನಾಳೆ. ನಾಳೆ ಅಂದರೆ ಯಾವಾಗ ಬೇಕಾದರೂ.

ನರಿನ್ ಪಟ್ಟಣದ ಪೇಟೆಯಿಂದ ಹೊಸ ಸುರುಳಿ ತಂದೆ, ಪೂರ್ತಿ ಉದ್ದದ್ದು. ಮಾವ ಮುಟ್ಟಲೂ ಬಿಡಲಿಲ್ಲ.

"ಇದನ್ನ ಹಾಕಿ, ನಾಳೆ ನಾಳೆ ಅಂತ ಕಾಯ್ತಾ ನಾನು ಸೆಟ್ಕೊಂಡು ಸಾಯ್ಲಾ?"

ಅದೂ ನಿಜವೇ. ಪೂರ್ತಿ ಸುರುಳಿ ಹಾಕಿದರೆ ಈಗಿನ ವೋಲ್ಟೇಜಿಗೆ ಸಾವಿರ ವ್ಯಾಟ್ ಸಿಕ್ಕರೆ ಹೆಚ್ಚು. ಹೊರಗೆ ಮೈನಸ್ ಇಪ್ಪತ್ತೆಂಟು. ಲಾರಿಯಲ್ಲಿ ದೂರದ ಓಶ್ ಊರಿಗೆ ಲೋಡ್ ಹೊತ್ತು ಹೋಗಿರುವ ಗಂಡನಿಗೆ ಫೋನ್ ಮಾಡಿದೆ. ಮೆಡೆರ್ ಹೇಳಿದ್ದು ಒಂದೇ ಮಾತು: "ಅಪ್ಪನ ಹತ್ರ ನೀನೇ ಮಾತಾಡು." ಆಹಾ, ಎಂಥ ಉಪಕಾರ.

ಕೊನೆಗೆ ಒಪ್ಪಂದವಾಯಿತು. ಶಾಲೆಯಲ್ಲಿ ದೀಪ ಬೆಳ್ಳಗಾದ ತಕ್ಷಣ ನಾನು ಫೋನ್ ಮಾಡಬೇಕು. ಅವರು ಪ್ಲಗ್ ಕೀಳಬೇಕು.

ಜನವರಿ 21



ಮೂರನೇ ಪೀರಿಯಡ್ಡು. ಇದ್ದಕ್ಕಿದ್ದಂತೆ ಕ್ಲಾಸ್‌ರೂಮು ಬೆಳ್ಳಗಾಯಿತು. ಮಕ್ಕಳೆಲ್ಲ ಹೋ ಎಂದರು. ಫೋನ್ ಹಚ್ಚಿದೆ. ಮಾವ ನಿದ್ದೆಗಣ್ಣಿನಲ್ಲಿ ಎತ್ತಿಕೊಂಡರು.

"ಮಾವ, ಹರಿಯೋದು ಜಾಸ್ತಿ ಆಯ್ತು! ನಿಲ್ಸಿ!"

"ಹ್ಞಾಂ ಹ್ಞಾಂ... ಹೋಗ್ತೀನಿ ತಡಿ."

ಫೋನನ್ನು ಹಾಗೇ ಹಾಸಿಗೆ ಮೇಲಿಟ್ಟ ಸದ್ದು. ಕೋಲಿನ ಟಕ್ ಟಕ್. ದೂರ ಹೋಗುತ್ತಿದೆ. ಎಲ್ಲಿಗೆ? ಆಗ ಹೊಳೆಯಿತು — ನಲ್ಲಿ! ಪೈಪು ಹೆಪ್ಪುಗಟ್ಟದಿರಲಿ ಎಂದು ಅಂಗಳದ ನಲ್ಲಿಯನ್ನು ಸಣ್ಣಗೆ ಬಿಟ್ಟಿರುತ್ತೇವೆ. ಈ ಮಹಾರಾಯರು ನೀರು ನಿಲ್ಲಿಸಲು ಹೊರಟಿದ್ದಾರೆ. ಇತ್ತ ತಂತಿ ಕಾಯುತ್ತಿದೆ.

"ಪ್ಲಗ್ಗು! ಮಾವ, ತೋಕ್! ತೋಕ್!" ಕಿರುಚಿದೆ. ಕೋಲು ನಿಲ್ಲಲಿಲ್ಲ. ಆಮೇಲೆ ಏನಾಯಿತೋ ಗೊತ್ತಿಲ್ಲ. ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ — "ತೋಕ್ತೊಸುನ್!"

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಫೋನಿನಲ್ಲಿ ಕೋಲಿನ ಸದ್ದು ನಿಂತಿತು.

ಕೋಟೂ ಹಾಕಿಕೊಳ್ಳದೆ ಓಡಿದೆ. ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ, ಪ್ಲಗ್ಗಿನ ಮೇಲೆ ಗೋಡೆ ಕಪ್ಪಗೆ. ಮಾವ ನೆಲದ ಮೇಲೆ ಕೂತಿದ್ದಾರೆ. ಕಾದ ಪ್ಲಗ್ಗನ್ನು ಬರಿಗೈಯಲ್ಲಿ ಕಿತ್ತಿದ್ದಾರೆ. ಅಂಗೈ ಬೊಬ್ಬೆ ಎದ್ದಿದೆ. ಜೀವಕ್ಕೇನೂ ಆಗಿಲ್ಲ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

 ಅವರು ನನ್ನ ಮುಖವನ್ನೂ ನೋಡಲಿಲ್ಲ.

ಜನವರಿ 23

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ. ಪಕ್ಕದ ಮನೆಯ ಕಾನ್ಶಾಯಿಮ್ ಬ್ರೆಡ್ ಕೊಡುವ ನೆಪದಲ್ಲಿ ಬಂದಳು. "ಮಾವನ ಹೆಸರು ಹಿಡಿದು ಕರೆದೆಯಂತೆ? ಅದೂ ಮಕ್ಕಳ ಮುಂದೆ? ಕೈ ಸುಡದೆ ಇನ್ನೇನಾಗತ್ತೆ ಹೇಳು!" ಮೆಡೆರ್ ಕೂಡ ಫೋನಿನಲ್ಲಿ ಗೊಣಗಿದ. ವಾದ ಮಾಡಲು ತ್ರಾಣವಿಲ್ಲ. ಮಾವನ ಕೈಗೆ ಮುಲಾಮು ಹಚ್ಚುತ್ತೇನೆ, ಅವರು ಕಿಟಕಿ ನೋಡುತ್ತಾರೆ. ಇದಕ್ಕಿಂತ ಬೈದಿದ್ದರೆ ವಾಸಿ.

ಜನವರಿ 27, ಮಧ್ಯಾಹ್ನ

ಗೋಡೆಯ ವೈರಿಂಗ್ ಬದಲಾಯಿತು. ಪೂರ್ತಿ ಸುರುಳಿ ಹಾಕಿ ಅಳೆದೆ. 220 ವೋಲ್ಟ್, 9.2 ಆಂಪಿಯರ್. ಎರಡು ಸಾವಿರಕ್ಕೆ ಸರಿಹೋಯಿತು. ಕೋಣೆ ಬೆಚ್ಚಗಿದೆ.

ಮೀಟರ್ ಎತ್ತಿಕೊಂಡು ಹೊರಟಿದ್ದೆ. ಮಾವ ಬೆನ್ನ ಹಿಂದಿನಿಂದ ಮಾತಾಡಿದರು.

"ಅವತ್ತು ನಿನ್ನ ಹರಿಯೋದು ಗಿರಿಯೋದು ಏನೂ ಅರ್ಥ ಆಗ್ಲಿಲ್ಲ. ನಲ್ಲಿ ಅಂದ್ಕೊಂಡು ಬಾಗ್ಲ ಹತ್ರ ಹೋಗಿದ್ದೆ. ಯಾರೋ ಹೆಂಗಸು ಕೂಗಿದ್ಲು. ಅಮ್ಮ ಅಂದ್ಕೊಂಡೆ. ತಿರುಗಿ ನೋಡಿದ್ರೆ ಪ್ಲಗ್ಗಲ್ಲಿ ಹೊಗೆ."

ಮೀಟರನ್ನು ಮತ್ತೆ ಕೆಳಗಿಟ್ಟೆ.

"ಅಮ್ಮ ಹೋಗಿ ಐವತ್ತು ವರ್ಷದ ಮೇಲಾಯ್ತು. ನಿಮ್ಮತ್ತೆ ಕರೀಲಿಲ್ಲ, ಸೊಸೇರು ಕರೀಲಿಲ್ಲ. ಯಾವ ಹೆಂಗಸಿನ ಬಾಯಲ್ಲೂ ಆ ಹೆಸರು ಕೇಳಿರಲಿಲ್ಲ ಮೇಷ್ಟ್ರಮ್ಮ." ಕೋಲನ್ನು ಗೋಡೆಗೆ ಒರಗಿಸಿದರು. "ಇನ್ನೊಂದ್ಸಲ ಕರೀ."

"ಅಯ್ಯೋ, ಬೇಡಿ ಮಾವ."

"ಬಾಗ್ಲು ಹಾಕು. ಯಾರಿಗೂ ಕೇಳ್ಸಲ್ಲ."

ಬಾಗಿಲು ಹಾಕಿದೆ. ಅವರು ಕಣ್ಣು ಮುಚ್ಚಿ ಕೂತರು, ಸುಟ್ಟ ಕೈ ತೊಡೆಯ ಮೇಲೆ. ನಾನು ಬಾಯಿ ತೆರೆದೆ. ತೋಕ್...