ಆರ್ವಿಲ್‌ನ ಒಂದು ಸೆಂಟ್

ಶನಿವಾರ, ಮಾರ್ಚ್ ೧೬

ಗಾರ್ಲೆಂಡ್‌ನ ಆ ನಗು ಕಣ್ಣೆದುರಿನಿಂದ ಹೋಗುತ್ತಿಲ್ಲ. ಊಟವೂ ಸೇರಲಿಲ್ಲ.

ಆರ್ವಿಲ್ ತೀರಿಕೊಂಡ ಮೇಲೆ ಅವನ ಹೆಂಡತಿ ನಡೀನ್ ಇಂದೇ ಮೊದಲ ಸಲ ಆಕ್ರನ್‌ನ ನಮ್ಮ ನಾಣ್ಯಸಂಗ್ರಾಹಕರ ಕೂಟಕ್ಕೆ ಬಂದಿದ್ದಳು. ಗಂಡನ ಅಚ್ಚುಮೆಚ್ಚಿನ ನಾಣ್ಯವನ್ನು ಅವನ ಹೆಸರಿನಲ್ಲಿ ಪ್ರದರ್ಶನಕ್ಕಿಡುವ ಆಸೆ ಅವಳಿಗೆ. ಒಂದು ಸೆಂಟ್‌ನ ಆ ನಾಣ್ಯದಲ್ಲಿ ಲಿಂಕನ್‌ನ ಕೆನ್ನೆಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳು. ಟಂಕಸಾಲೆಯಲ್ಲೇ ಆದ ಅಪರೂಪದ ತಪ್ಪು ಎಂದು ಹೇಳಿ ನಮ್ಮ ಕೂಟದವನೇ ಆದ ಗಾರ್ಲೆಂಡ್ ಅದನ್ನು ಆರ್ವಿಲ್‌ಗೆ ಮಾರಿದ್ದ.

ಭೂತಗನ್ನಡಿ ಹಿಡಿದ ಕೂಡಲೇ ನನ್ನ ಮೈ ಉರಿಯಿತು. ಟಂಕಸಾಲೆಯಲ್ಲಿ ಅಚ್ಚೊತ್ತುವಾಗ ನಡುವೆ ಇನ್ನೊಂದು ನಾಣ್ಯ ಸಿಕ್ಕಿ ಅದರ ಅಕ್ಷರ ತಿರುಗಿ ಮೂಡಿದ್ದರೆ ಅಲ್ಲಿ ಕೆನ್ನೆಯೇ ಮೂಡುತ್ತಿರಲಿಲ್ಲ. ಇಲ್ಲಿ ಮೂಡಿದ ಕೆನ್ನೆ ಆಮೇಲೆ ಚಪ್ಪಟೆಯಾಗಿದೆ. ಯಾರೋ ಎರಡು ನಾಣ್ಯ ಜೋಡಿಸಿ ಬೆಂಚ್ ವೈಸ್‌ನ ಕಬ್ಬಿಣದ ದವಡೆಗಳ ನಡುವೆ ಬಿಗಿದು ಅದುಮಿದ್ದಾರೆ.

“ಏನು ಕಾಣ್ತಿದೆ, ಬರ್ನಿಸ್?” ಎಂದಳು ನಡೀನ್. ಇದು ಟಂಕಸಾಲೆಯ ತಪ್ಪಲ್ಲ, ಮೋಸ ಎಂದು ಇದ್ದದ್ದನ್ನು ಹೇಳಿದೆ.

ಗಾರ್ಲೆಂಡ್ ನಕ್ಕ. “ಸಾಯೋ ಮನುಷ್ಯ ಅದನ್ನ ನೋಡಿ ಖುಷಿಪಟ್ಟ. ನಿಂಗ್ಯಾಕೆ ಹೊಟ್ಟೆಯುರಿ?”

“ಆಸ್ಪತ್ರೆ ಮಂಚದ ಪಕ್ಕ ಕೂತು ಮಾರಿದೆಯಲ್ಲ,” ಎಂದಳು ನಡೀನ್ ಮೆಲ್ಲಗೆ. “ಅವನ ಕೈ ನಡುಗ್ತಿತ್ತು. ಭೂತಗನ್ನಡಿ ಹಿಡಿಯೋಕಾಗಲ್ಲ ಅಂತ ನಿಂಗೆ ಗೊತ್ತಿತ್ತು.”

ಉಳಿದವರೆಲ್ಲ ಕಾಫಿ ಲೋಟ ನೋಡುತ್ತ ಕುಳಿತರು. ಅವನಿಗಿಂತ ಇವರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಇಷ್ಟು ವರ್ಷದ ಗೆಳೆಯರು, ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಬಳಿಯಿದ್ದ ಕೂಟದ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ನಡೀನ್‌ಳನ್ನು ಕರೆದುಕೊಂಡು ಬಂದುಬಿಟ್ಟೆ.

ಕಾರಿನಲ್ಲಿ ಕೇಳಿದಳು: “ಕೊನೆವರೆಗೂ ದಿಂಬಿನಡಿ ಇಟ್ಕೊಂಡಿದ್ದ. ಬಿಸಾಕೋಕಾಗಲ್ಲ, ನೋಡೋಕೂ ಆಗಲ್ಲ. ಏನು ಮಾಡ್ಲಿ?”

ಸದ್ಯಕ್ಕೆ ನನ್ನ ಹತ್ತಿರ ಇರಲಿ ಎಂದು ಇಸಿದುಕೊಂಡೆ; ಈಗ ಈ ಡೈರಿಯ ಪಕ್ಕದಲ್ಲೇ ಇದೆ. ಆ ಗಾರ್ಲೆಂಡ್ ಮಾತ್ರ ಈ ಹೊತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಬೇಕು.